ಅವ್ವನ ಪಾಲು

ಒಬ್ಬ ಮನುಷ್ಯ ತೀರಿಕೊಂಡಿದ್ದಾನೆ. ಅವನಿಗೆ ಗಂಡುಮಕ್ಕಳಿಲ್ಲ. ಹೆಂಡತಿ ಮೊದಲೇ ಹೋಗಿದ್ದಾಳೆ. ಹೆಣ್ಣುಮಕ್ಕಳೂ ಇಲ್ಲ, ಮಗಳ ಮಗನೂ ಇಲ್ಲ. ಉಳಿದವರು ವಯಸ್ಸಾದ ತಾಯಿ ಮತ್ತು ತಂದೆ. ಅವನ ಹೊಲಮನೆ ಯಾರಿಗೆ ಸೇರಬೇಕು? ಸುಮಾರು ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ, ಅಂದರೆ ನಮ್ಮ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನೆಂಬ ಪಂಡಿತ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ (1076–1126) ಆಳುತ್ತಿದ್ದ ಕಾಲವದು. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನದಲ್ಲಿ ಅವನು ಕೊಟ್ಟ ತೀರ್ಮಾನ ಸ್ಪಷ್ಟವಾಗಿತ್ತು. ಆಸ್ತಿ ಮೊದಲು ತಾಯಿಗೆ ಸೇರಬೇಕು. ತಾಯಿ ಇಲ್ಲದಿದ್ದರೆ ಮಾತ್ರ ತಂದೆಗೆ.

ಅದಕ್ಕೆ ಅವನು ಕೊಟ್ಟ ಕಾರಣವೂ ಗಟ್ಟಿಯಾದದ್ದು. ತಂದೆಗೆ ಬೇರೆ ಹೆಂಡಿರಿಂದಲೂ ಮಕ್ಕಳಿರಬಹುದು, ಅವನು ಆ ಎಲ್ಲರಿಗೂ ಸಮಾನವಾಗಿ ಸೇರಿದವನು. ತಾಯಿಯಾದರೋ ತಾನು ಹೆತ್ತವರಿಗೆ ಮಾತ್ರ ತಾಯಿ. ಆದ್ದರಿಂದ ಮಗನಿಗೆ ಅವಳ ನಂಟೇ ಹೆಚ್ಚು ಹತ್ತಿರದ್ದು. ಸತ್ತವನ ಆಸ್ತಿ ಹತ್ತಿರದವರಿಗೆ ಸೇರಬೇಕೆಂದರೆ ತಾಯಿಯೇ ಮುಂದೆ ಬರಬೇಕು. ತಂದೆ ಸತ್ತ ಮೇಲೆ ಮಕ್ಕಳು ಪಾಲು ಮಾಡಿಕೊಳ್ಳುವಾಗ ತಾಯಿಗೂ ಒಬ್ಬ ಮಗನಷ್ಟೇ ಪಾಲು ಸಲ್ಲಬೇಕೆಂಬ ಸ್ಮೃತಿಯ ಮಾತನ್ನೂ ಅವನು ಎತ್ತಿಹಿಡಿದ. ಹೆಣ್ಣಿಗೆ ಸೇರಿದ ಆಸ್ತಿ, ಅಂದರೆ ಸ್ತ್ರೀಧನ, ಮದುವೆಯಲ್ಲಿ ಬಂದ ಒಡವೆ ಸೀರೆಗಳಿಗಷ್ಟೇ ಸೀಮಿತವಲ್ಲ, ಅವಳು ಕೊಂಡದ್ದು, ಪಾಲಿನಿಂದ ಬಂದದ್ದು, ವಾರಸಿನಿಂದ ಬಂದದ್ದು ಎಲ್ಲವೂ ಅವಳದೇ ಎಂದ.

ಬಂಗಾಳದಲ್ಲಿ ಜೀಮೂತವಾಹನನ ‘ದಾಯಭಾಗ’ ಇದೇ ಪ್ರಶ್ನೆಗೆ ತಂದೆಯನ್ನು ಮುಂದಿಟ್ಟಿತು. ಬಂಗಾಳ, ಅಸ್ಸಾಂ ಬಿಟ್ಟು ಭಾರತದ ಬಹುಭಾಗಕ್ಕೆ ಮಿತಾಕ್ಷರವೇ ಹಿಂದೂ ಕಾನೂನಿನ ಆಧಾರವಾಯಿತು. ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕ್ 1810ರಲ್ಲಿ ಮಿತಾಕ್ಷರದ ಆಸ್ತಿ ಹಂಚಿಕೆಯ ಅಧ್ಯಾಯವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ನ್ಯಾಯಾಧೀಶರೂ ಅದನ್ನೇ ಮುಂದಿಟ್ಟುಕೊಂಡು ಕೂತರು. ಸ್ತ್ರೀಧನದ ಬಗ್ಗೆ ವಿಜ್ಞಾನೇಶ್ವರ ತೆರೆದಿಟ್ಟ ವಿಶಾಲವಾದ ಅರ್ಥವನ್ನು ಆ ಕಾಲದ ತೀರ್ಪುಗಳು ಕುಗ್ಗಿಸಿದವು ಎಂಬುದೂ ನಿಜ. ಆದರೂ ಮಗನ ಆಸ್ತಿಯಲ್ಲಿ ತಾಯಿ ಮೊದಲು ಎಂಬ ಕಲ್ಯಾಣದ ಮಾತು ದೇಶದ ಬಹಳಷ್ಟು ಕಡೆ ಉಳಿಯಿತು.

ಮೇ ತಿಂಗಳ ಎರಡನೆಯ ಭಾನುವಾರ, ಅಂದರೆ ತಾಯಂದಿರ ದಿನ, ಬಂದರೆ ಹುಮನಾಬಾದಿನಿಂದ ಹಿಡಿದು ನಿರ್ಣಾದವರೆಗೆ ಹುಡುಗ ಹುಡುಗಿಯರ ಮೊಬೈಲುಗಳಲ್ಲಿ ಅವ್ವನ ಫೋಟೊ ತುಂಬಿರುತ್ತದೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ದುಡಿಯುವ ಮಗ ಅವತ್ತು ತಪ್ಪದೆ ಫೋನ್ ಮಾಡುತ್ತಾನೆ. ಇದು ಒಳ್ಳೆಯದೇ. ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿ ಕಡಿಮೆ, ಆ ದಿನದ ನೆಪದಲ್ಲಾದರೂ ಹೇಳಲಿ. ಆದರೆ ತಾಯಿಯನ್ನು ಗೌರವಿಸುವುದು ಎಂದರೇನು ಎಂಬ ಪ್ರಶ್ನೆಗೆ ಲೋಕದ ಬೇರೆ ಬೇರೆ ಜನ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಅವುಗಳಲ್ಲಿ ಅತ್ಯಂತ ಗಟ್ಟಿಯಾದ ಎರಡು ಉತ್ತರಗಳು ನಮ್ಮ ಕಲ್ಯಾಣದ ನೆಲದಲ್ಲೇ ಹುಟ್ಟಿದವು. ಅವನ್ನು ನಾವೇ ಮರೆಯಬಾರದು ಎಂಬುದು ಈ ಬರಹದ ಆಸೆ.

ಮೊದಲು ನಮ್ಮ ಮನೆ, ನಮ್ಮ ಹೊಲದಿಂದಲೇ ನೋಡೋಣ. ಬೀದರ್ ಸೀಮೆಯಲ್ಲಿ ಎಳ್ಳಾಮಾಸಿ, ಅಂದರೆ ಎಳ್ಳ ಅಮಾವಾಸ್ಯೆ, ದೀಪಾವಳಿಗಿಂತ ಒಂದು ಕೈ ಹೆಚ್ಚಿನ ಹಬ್ಬ. ಹಿಂಗಾರಿನ ಜೋಳ ಎದೆಯೆತ್ತರ ಬೆಳೆದು, ಕಡಲೆ ಹೂ ಕಾಯಿ ಹಿಡಿದು, ತೊಗರಿ ತೂಗುವ ಹೊತ್ತದು. ಆಗ ಭೂಮಿ ಬಸುರಿ ಎಂದು ನಮ್ಮ ರೈತರು ನಂಬುತ್ತಾರೆ. ಬಸುರಿಗೆ ಬಯಕೆ ಇರುತ್ತದೆ, ಬಯಕೆಗೆ ಊಟ ಕೊಡಬೇಕು. ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಕಡುಬು, ಹೋಳಿಗೆ, ಅಂಬಲಿ ಹೊತ್ತು ಇಡೀ ಮನೆ ಹೊಲಕ್ಕೆ ಹೋಗುತ್ತದೆ. ಹಸಿ ಕಾಳು, ಸೊಪ್ಪು, ತರಕಾರಿಯನ್ನೆಲ್ಲ ಕೂಡಿಸಿ ಕಡಲೆ ಹಿಟ್ಟು ಹಾಕಿ ಕುದಿಸಿದ ಭಜ್ಜಿ ಇಲ್ಲದೆ ಬೀದರಿನಲ್ಲಿ ಎಳ್ಳಾಮಾಸಿ ಇಲ್ಲ. ಜೋಳದ ದಂಟಿನ ಗೂಡು ಕಟ್ಟಿ, ಅದರೊಳಗೆ ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಆಮೇಲೆ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಮೊದಲ ತುತ್ತು ಭೂಮಿಗೆ, ಆಮೇಲೆ ಮನುಷ್ಯರಿಗೆ. ಮಲೆನಾಡಿನವರು ಭೂಮಿ ಹುಣ್ಣಿಮೆಯಲ್ಲಿ ಭತ್ತದ ಗದ್ದೆಗೆ ಇದೇ ಸೀಮಂತ ಮಾಡುತ್ತಾರೆ. ಬೆಳೆ ಬೇರೆ, ತಿಂಗಳು ಬೇರೆ, ನಂಬಿಕೆ ಒಂದೇ.

ಭೂಮಿಗೆ ಸಲ್ಲುವ ಈ ಉಪಚಾರ ಮನೆಯ ಹೆಣ್ಣುಮಗಳಿಗೆ ಕುಬಸದ ರೂಪದಲ್ಲಿ ಸಲ್ಲುತ್ತದೆ. ಮೊದಲ ಬಸುರಿಗೆ ತವರಿನವರು ಹಸಿರು ಸೀರೆ, ಖಣ, ಹಸಿರು ಬಳೆ, ಬುತ್ತಿ ಹೊತ್ತು ಬರುತ್ತಾರೆ. ಕೆಲವರು ಮೂರನೆಯ ತಿಂಗಳಲ್ಲಿ ಮನೆಮಟ್ಟಿಗೆ ಕಳ್ಳಕುಬಸ ಮಾಡಿ, ಐದರಲ್ಲೋ ಏಳರಲ್ಲೋ ಊರಿಗೆಲ್ಲ ಹೇಳಿ ದೊಡ್ಡ ಕುಬಸ ಮಾಡುತ್ತಾರೆ. ಅವತ್ತು ಮುತ್ತೈದೆಯರು ಅವಳ ಉಡಿ ತುಂಬುತ್ತಾರೆ, ಸೋಬಾನ ಹಾಡುತ್ತಾರೆ. ಆ ಹೊತ್ತಿನವರೆಗೆ ಅತ್ತೆಮನೆಯಲ್ಲಿ ಕೊನೆಗೆ ಉಣ್ಣುತ್ತಿದ್ದ ಸೊಸೆ ಅವತ್ತು ಮಣೆಯ ಮೇಲೆ ಕೂತು ಮೊದಲು ಉಣ್ಣುತ್ತಾಳೆ. ಬಯಸಿದ್ದನ್ನು ಕೇಳಿ ತಿನ್ನುವ ಹಕ್ಕು ಅವಳಿಗೆ ಸಿಗುತ್ತದೆ. ಮಗು ಹುಟ್ಟುವ ಮೊದಲೇ ತಾಯ್ತನಕ್ಕೆ ಗೌರವ ಕೊಡುವ ಈ ಪದ್ಧತಿಯಲ್ಲಿ ತಿಳಿವಳಿಕೆಯಿದೆ. ಹೆರುವವಳ ಮೈ ಮನಸ್ಸು ಹೆರುವುದಕ್ಕೆ ಮುಂಚೆಯೇ ಗಟ್ಟಿಯಾಗಬೇಕು.

ಹೆರಿಗೆ ತವರಲ್ಲಿ. ಅಲ್ಲಿ ಬಾಣಂತನವೆಂದರೆ ಒಂದು ಪೂರ್ಣ ವ್ಯವಸ್ಥೆ. ಎಣ್ಣೆ ನೀವಿ ಬಿಸಿನೀರು ಹಾಕುವುದು, ಹೊರಸಿನ ಕೆಳಗೆ ಕೆಂಡವಿಟ್ಟು ಕಾಸುವುದು, ಕೊಬ್ಬರಿ ಖಾರ, ಅಂಟಿನುಂಡಿ, ಅಳವಿ ಪಾಯಸ, ಹಾಲು ಹೆಚ್ಚಲೆಂದು ಸಬ್ಬಸಗಿ ಪಲ್ಯ. ಐದನೆಯ ದಿನ ಶೆಟವಿ ತಾಯಿಯ ಪೂಜೆ. ಅವತ್ತು ರಾತ್ರಿ ಅವಳು ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂಬುದು ನಮ್ಮ ಹಳೆಯ ನಂಬಿಕೆ. ಲೋಕದ ಹಲವು ಕಡೆ ಬಾಣಂತಿಗೆ ವಿಶ್ರಾಂತಿ ಕೊಡುವ ಇಂಥ ಪದ್ಧತಿ ಸಿಗುತ್ತದೆ. ಚೀನಾದಲ್ಲಿ ಒಂದು ತಿಂಗಳು ಬಾಣಂತಿಯನ್ನು ಮನೆಯೊಳಗೇ ಇಟ್ಟು, ತಣ್ಣನೆಯದನ್ನು ಮುಟ್ಟಿಸದೆ, ಬಿಸಿಯಾದ ಸಾರು ಕುಡಿಸುತ್ತಾರೆ. ಮೆಕ್ಸಿಕೊ ಮೊದಲಾದ ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಅದು ನಲವತ್ತು ದಿನ.

ಕೊರಿಯಾದವರ ಪದ್ಧತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಬಾಣಂತಿಗೆ ಕಡಲಪಾಚಿಯ ಸಾರು ಕೊಡುತ್ತಾರೆ. ಅದೇ ಸಾರನ್ನು ಮಕ್ಕಳು ದೊಡ್ಡವರಾದ ಮೇಲೂ ಪ್ರತಿ ಹುಟ್ಟುಹಬ್ಬದ ದಿನ ಕುಡಿಯುತ್ತಾರೆ. ಹುಟ್ಟಿದವನ ಹಬ್ಬದಲ್ಲಿ ಹೆತ್ತವಳ ನೋವಿನ ನೆನಪೂ ಇರಬೇಕೆಂಬ ಭಾವ ಅದರ ಹಿಂದಿದೆ. ಕೇಕ್ ಕತ್ತರಿಸುವ ನಮ್ಮ ಮಕ್ಕಳಿಗೆ ಇದನ್ನು ಹೇಳಬೇಕು. ಹುಟ್ಟುಹಬ್ಬದ ಬೆಳಿಗ್ಗೆ ಅವ್ವನ ಕೈಗೆ ಅಳವಿ ಪಾಯಸದ ಬಟ್ಟಲು ಕೊಡುವ ರೂಢಿ ನಮ್ಮಲ್ಲೂ ಹುಟ್ಟಬಾರದೇಕೆ?

ನಮ್ಮ ಬಾಣಂತನದ ಇನ್ನೊಂದು ಮುಖವನ್ನೂ ಹೇಳಬೇಕು. ಮೊದಲ ಹೆರಿಗೆಗೆ ಸಿಗುವ ಆರೈಕೆ ಎರಡನೆಯದಕ್ಕೆ ಅರ್ಧವಾಗುತ್ತದೆ, ಮೂರನೆಯದಕ್ಕೆ ಇಲ್ಲವೇ ಇಲ್ಲ. ಹುಟ್ಟಿದ್ದು ಹೆಣ್ಣಾದರೆ ಅಂಟಿನುಂಡಿಯ ತುಪ್ಪವೂ ಕಡಿಮೆಯಾಗುವ ಮನೆಗಳಿವೆ. ಕೂಲಿ ಮಾಡುವ ಹೆಣ್ಣುಮಗಳು ನಲವತ್ತು ದಿನ ಕಾಯಲಾರಳು. ಕಬ್ಬು ಕಡಿಯುವ, ತೊಗರಿ ಕೊಯ್ಯುವ ಹೊತ್ತಿಗೆ ಎಳೆಗೂಸನ್ನು ಬದುವಿನ ಗಿಡದ ಜೋಳಿಗೆಯಲ್ಲಿ ಮಲಗಿಸಿ ಕೆಲಸಕ್ಕೆ ಇಳಿಯುತ್ತಾಳೆ. ಕಚೇರಿಯಲ್ಲಿ ದುಡಿಯುವವಳಿಗೆ 2017ರ ತಿದ್ದುಪಡಿಯಿಂದ 26 ವಾರಗಳ ಸಂಬಳಸಹಿತ ಹೆರಿಗೆ ರಜೆ ಬಂದಿದೆ. ಹೊಲದಲ್ಲಿ ದುಡಿಯುವವಳಿಗೆ ರಜೆ ಕೊಡುವವರು ಯಾರೂ ಇಲ್ಲ. ಬಾಣಂತನ ಮಾಡಿಸುವ ಶಕ್ತಿ ತವರಿಗೆ ಇದೆಯೋ ಇಲ್ಲವೋ ಎಂಬುದರ ಮೇಲೆ ತಾಯಿಯ ಗೌರವ ನಿಲ್ಲಬಾರದು.

ಈ ಕಾರಣಕ್ಕೇ 2017ರ ಅಕ್ಟೋಬರ್ 2ರಂದು ಕರ್ನಾಟಕ ಸರ್ಕಾರ ಆರಂಭಿಸಿದ ಮಾತೃಪೂರ್ಣ ಯೋಜನೆ ಮುಖ್ಯವಾಗುತ್ತದೆ. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ, ಜೊತೆಗೆ ಕಬ್ಬಿಣಾಂಶದ ಮಾತ್ರೆ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಹೆರಿಗೆಗೆ 5,000 ರೂಪಾಯಿ. ದೊಡ್ಡ ಮೊತ್ತವಲ್ಲ. ಆದರೆ ತಾಯಿಯ ಊಟ ಮನೆಯವರ ಮರ್ಜಿಯಲ್ಲ, ಸಮಾಜದ ಹೊಣೆ ಎಂಬ ಮಾತು ಅದರಲ್ಲಿದೆ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಹಿಡಿದು ಮನೆ ಬಾಗಿಲಿಗೆ ಬಂದಾಗ ಕೂರಿಸಿ ಮಾತಾಡಿಸುವುದೂ ತಾಯಂದಿರಿಗೆ ಕೊಡುವ ಗೌರವವೇ.

ಕಲ್ಯಾಣದ ಎರಡನೆಯ ಉತ್ತರ ಇಲ್ಲೇ ಸೇರುತ್ತದೆ. ಹೆರಿಗೆಯಾದ ಮನೆಗೆ ಸೂತಕ, ಹೆತ್ತವಳಿಗೆ ಮೈಲಿಗೆ ಎಂಬುದು ಈ ದೇಶದ ಹಳೆಯ ಕಟ್ಟಳೆ. ಜೀವ ತಂದವಳನ್ನೇ ಮೂಲೆಗೆ ಕೂರಿಸಿ, ಅವಳು ಮುಟ್ಟಿದ ಪಾತ್ರೆಯನ್ನು ದೂರವಿಡುವ ರೂಢಿ. ವಿಜ್ಞಾನೇಶ್ವರನ ನಂತರ ಅದೇ ಶತಮಾನದಲ್ಲಿ, ಅದೇ ಪಟ್ಟಣದಲ್ಲಿ ಬಸವಣ್ಣನವರೂ ಅವರ ಸಂಗಡಿಗರೂ ಈ ಕಟ್ಟಳೆಯನ್ನು ಬುಡದಿಂದಲೇ ಅಲ್ಲಗಳೆದರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದೂ ಸೂತಕಗಳು ಲಿಂಗವಂತರಿಗಿಲ್ಲ ಎಂದರು. ಹಡೆದ ಹೆಣ್ಣು ಹೊಲೆಯಲ್ಲ, ಅವಳು ಇಷ್ಟಲಿಂಗವನ್ನು ಕೈಯಲ್ಲಿ ಹಿಡಿದು ಪೂಜಿಸಬಹುದು. ಗರ್ಭಿಣಿಗೆ ಎಂಟನೆಯ ತಿಂಗಳಲ್ಲಿ ಹೊಟ್ಟೆಯ ಕೂಸಿನ ಸಲುವಾಗಿ ಲಿಂಗ ಕಟ್ಟುವ ಗರ್ಭಲಿಂಗಧಾರಣೆ ಶರಣ ಪರಂಪರೆಯ ಮನೆಗಳಲ್ಲಿ ಬೆಳೆದು ಬಂತು. ಮಗುವಿನ ಮೊದಲ ಗುಡಿ ತಾಯಿಯ ಒಡಲು ಎಂಬುದು ಅದರ ಭಾವ.

ಕಲ್ಯಾಣದ ತಾಯಂದಿರಲ್ಲಿ ಒಬ್ಬರ ಹೆಸರನ್ನು ಮರೆಯುವಂತಿಲ್ಲ. ಬಸವಣ್ಣನವರ ಅಕ್ಕ, ಚನ್ನಬಸವಣ್ಣನ ತಾಯಿ ಅಕ್ಕ ನಾಗಮ್ಮ. ಮಗನನ್ನು ಬೆಳೆಸಿದ್ದಷ್ಟೇ ಅವಳ ಕೆಲಸವಾಗಿರಲಿಲ್ಲ, ಮಹಾಮನೆಯ ದಾಸೋಹದಲ್ಲೂ ಅನುಭವ ಮಂಟಪದಲ್ಲೂ ಅವಳಿಗೆ ದೊಡ್ಡ ಸ್ಥಾನವಿತ್ತು, ಅವಳು ವಚನಗಳನ್ನೂ ಬರೆದಳು. ಕಲ್ಯಾಣದ ಕ್ರಾಂತಿಯಲ್ಲಿ ಶರಣರು ಚದುರಿದಾಗ ವಚನದ ಕಟ್ಟುಗಳನ್ನು ಉಳಿಸಿಕೊಂಡು ಉಳವಿಯತ್ತ ಹೊರಟ ತಂಡದಲ್ಲಿ ಅವಳೂ ಇದ್ದಳೆಂದು ಪರಂಪರೆ ನೆನೆಯುತ್ತದೆ. ಬಸವಕಲ್ಯಾಣದಲ್ಲಿ ಅವಳ ಹೆಸರಿನ ಗವಿ ಇಂದಿಗೂ ಇದೆ. ನಮ್ಮ ಶಾಲೆಗಳಲ್ಲಿ ತಾಯಂದಿರ ದಿನ ಮಾಡುವವರು ಮೊದಲು ಅವಳ ಕಥೆ ಹೇಳಬೇಕು.

ಹೊರಗಿನ ಲೋಕದಲ್ಲಿ ತಾಯಂದಿರ ದಿನಗಳು ಹುಟ್ಟಿದ ಬಗೆಯನ್ನು ನೋಡಿದರೆ ಅಲ್ಲೂ ನಾಗಮ್ಮನಂತೆ ಮನೆಯಾಚೆಗೂ ದುಡಿದ ತಾಯಿಯೊಬ್ಬಳು ಕಾಣುತ್ತಾಳೆ. ಇವತ್ತು ನಾವು ಆಚರಿಸುವ ಮೇ ಭಾನುವಾರದ ಮೂಲ ಅಮೆರಿಕದ ವೆಸ್ಟ್ ವರ್ಜೀನಿಯಾದ ಆನ್ ರೀವ್ಸ್ ಜಾರ್ವಿಸ್ ಎಂಬ ತಾಯಿ. ಅವಳು ಹೆತ್ತ ಹತ್ತಕ್ಕೂ ಹೆಚ್ಚು ಮಕ್ಕಳಲ್ಲಿ ದೊಡ್ಡವರಾಗುವವರೆಗೆ ಬದುಕಿದವರು ನಾಲ್ವರು ಮಾತ್ರ. ಮಿಕ್ಕವರನ್ನು ರೋಗಗಳು ಕೊಂಡೊಯ್ದವು. ತನ್ನ ದುಃಖ ಬೇರೆ ತಾಯಂದಿರಿಗೆ ಬರಬಾರದೆಂದು ಅವಳು 1858ರ ಸುಮಾರಿಗೆ ಊರೂರಲ್ಲಿ ತಾಯಂದಿರ ಸಂಘ ಕಟ್ಟಿದಳು. ನೀರು ಶುದ್ಧವಾಗಿರಬೇಕು, ಹಾಲು ಪರೀಕ್ಷೆಯಾಗಬೇಕು, ಬಡ ತಾಯಂದಿರಿಗೆ ಔಷಧಿ ಸಿಗಬೇಕು ಎಂಬುದು ಆ ಸಂಘಗಳ ಕೆಲಸ. ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಕಡೆಯ ಸೈನಿಕರಿಗೆ ಆ ಹೆಂಗಸರು ಶುಶ್ರೂಷೆ ಮಾಡಿದರು. ಅದೇ ದೇಶದ ಜೂಲಿಯಾ ವಾರ್ಡ್ ಹೋ 1870ರಲ್ಲಿ, ತಾಯಂದಿರು ಯುದ್ಧಗಳ ವಿರುದ್ಧ ಒಟ್ಟಾಗಬೇಕೆಂದು ಕರೆ ಕೊಟ್ಟಳು.

ಆನ್ 1905ರಲ್ಲಿ ತೀರಿಕೊಂಡಳು. ಮಗಳು ಆನಾ 1908ರ ಮೇ 10ರಂದು ಗ್ರಾಫ್ಟನ್ ಊರಿನ ಚರ್ಚಿನಲ್ಲಿ ಅವಳ ನೆನಪಿಗೆ ಪ್ರಾರ್ಥನೆ ಮಾಡಿಸಿ, ಬಂದವರಿಗೆ ಹಂಚಲು 500 ಬಿಳಿ ಕಾರ್ನೇಷನ್ ಹೂಗಳನ್ನು ಕಳಿಸಿದಳು. 1914ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಅದನ್ನು ರಾಷ್ಟ್ರದ ಆಚರಣೆ ಮಾಡಿದರು. ಆಮೇಲೆ ಹೂವಿನ ಅಂಗಡಿಗಳು, ಕಾರ್ಡು ಮಾರುವವರು, ಮಿಠಾಯಿ ಕಂಪನಿಗಳು ಆ ದಿನವನ್ನು ತಮ್ಮದಾಗಿಸಿಕೊಂಡವು. ಅಚ್ಚು ಹಾಕಿದ ಕಾರ್ಡು ಕಳಿಸುವವರಿಗೆ ಅವ್ವನಿಗೊಂದು ಪತ್ರ ಬರೆಯಲೂ ಪುರಸೊತ್ತಿಲ್ಲವೇ ಎಂದು ಆನಾ ಕೆರಳಿದಳು. ಉಳಿದ ಬದುಕನ್ನೆಲ್ಲ ತಾನೇ ಹುಟ್ಟುಹಾಕಿದ ದಿನದ ವ್ಯಾಪಾರದ ವಿರುದ್ಧ ಹೋರಾಡುವುದರಲ್ಲೇ ಕಳೆದು, ಕೈ ಬರಿದಾಗಿ, 1948ರಲ್ಲಿ ಆರೈಕೆ ಗೃಹವೊಂದರಲ್ಲಿ ತೀರಿಕೊಂಡಳು. ತಾಯಿ ಕಟ್ಟಿದ್ದು ಕೂಸುಗಳನ್ನು ಉಳಿಸುವ ಸಂಘ, ಜಗತ್ತಿಗೆ ಉಳಿದದ್ದು ಹೂಗುಚ್ಛ. ಈ ಕಥೆಯಿಂದ ನಾವು ಕಲಿಯಬೇಕಾದದ್ದು ಬಹಳ ಇದೆ.

ಎಲ್ಲ ದೇಶಗಳ ಕಥೆ ಹೀಗೇ ಇಲ್ಲ. ಬೊಲಿವಿಯಾದಲ್ಲಿ ತಾಯಂದಿರ ದಿನ ಮೇ 27. 1812ರ ಆ ದಿನ ಕೊಚಬಂಬಾ ಊರಿನ ಗುಡ್ಡದ ಮೇಲೆ ಹೆಂಗಸರು ಸ್ಪೇನ್ ದೊರೆಯ ಸೈನ್ಯಕ್ಕೆ ಎದುರು ನಿಂತು ಪ್ರಾಣ ಕೊಟ್ಟರು. ಇಂಡೊನೇಷ್ಯಾದ ತಾಯಂದಿರ ದಿನ ಡಿಸೆಂಬರ್ 22, ಅದು 1928ರಲ್ಲಿ ಯೋಗ್ಯಕರ್ತಾದಲ್ಲಿ ನಡೆದ ಆ ದೇಶದ ಮೊದಲ ಮಹಿಳಾ ಸಮ್ಮೇಳನದ ನೆನಪು. ಈ ಎರಡು ದೇಶಗಳು ತಾಯಿಯನ್ನು ಮನೆಯೊಳಗಿನ ದೀಪವೆಂದು ಮಾತ್ರ ನೋಡದೆ, ನಾಡು ಕಟ್ಟಿದವಳೆಂದು ನೆನೆಯುತ್ತವೆ. ಅರ್ಜೆಂಟೀನಾದ ತಾಯಂದಿರಂತೂ ಯಾರಾದರೂ ಗೌರವ ಕೊಡಲೆಂದು ಕಾಯಲಿಲ್ಲ. ಸೈನ್ಯದ ಆಡಳಿತ ಹೊತ್ತೊಯ್ದ ತಮ್ಮ ಮಕ್ಕಳು ಎಲ್ಲಿ ಎಂದು ಕೇಳುತ್ತ 1977ರ ಏಪ್ರಿಲ್ 30ರಂದು ಬ್ಯೂನಸ್ ಐರಿಸ್‌ನ ಪ್ಲಾಸಾ ದ ಮಾಯೊ ಚೌಕಕ್ಕೆ ಬಂದರು. ತಲೆಗೆ ಬಿಳಿ ಬಟ್ಟೆ ಕಟ್ಟಿ, ಪ್ರತಿ ಗುರುವಾರ ಅಲ್ಲಿ ಸುತ್ತು ಹಾಕಿದರು. ಆ ಆಡಳಿತ ಹೋಯಿತು, ತಾಯಂದಿರ ನಡಿಗೆ ಉಳಿಯಿತು.

ಈಜಿಪ್ಟಿನಲ್ಲಿ ಪತ್ರಕರ್ತ ಮುಸ್ತಫಾ ಅಮೀನ್ ಅವರ ಒತ್ತಾಯದಿಂದ 1956ರಲ್ಲಿ ಮಾರ್ಚ್ 21 ತಾಯಂದಿರ ದಿನವಾಯಿತು, ಈಗ ಅರಬ್ ನಾಡುಗಳಲ್ಲಿ ಹೆಚ್ಚಿನ ಕಡೆ ಅದೇ ದಿನ. ಗಂಡ ಸತ್ತ ಮೇಲೆ ಮಗನನ್ನು ಕಷ್ಟಪಟ್ಟು ಓದಿಸಿ ಡಾಕ್ಟರನಾಗಿ ಮಾಡಿದ ತಾಯಿಯೊಬ್ಬಳನ್ನು ಆ ಮಗ ಕೈಬಿಟ್ಟ ಸಂಗತಿ ತಿಳಿದು ಅಮೀನ್ ಈ ಕೆಲಸಕ್ಕೆ ಇಳಿದರು ಎಂಬ ಕಥೆ ಪ್ರಸಿದ್ಧ. ಥಾಯ್ಲೆಂಡಿನಲ್ಲಿ ರಾಣಿ ಸಿರಿಕಿತ್ ಹುಟ್ಟಿದ ಆಗಸ್ಟ್ 12ರಂದು ಮಕ್ಕಳು ತಾಯಿಗೆ ಮಲ್ಲಿಗೆ ಕೊಡುತ್ತಾರೆ. ಇಂಗ್ಲೆಂಡಿನಲ್ಲಿ ಈಸ್ಟರಿಗೆ ಮುಂಚಿನ ಉಪವಾಸ ಕಾಲದ ನಾಲ್ಕನೆಯ ಭಾನುವಾರ ಸಿರಿವಂತರ ಮನೆಗಳಲ್ಲಿ ಕೆಲಸಕ್ಕಿದ್ದ ಹುಡುಗಿಯರಿಗೆ ತಮ್ಮ ಅವ್ವನನ್ನು ನೋಡಿ ಬರಲು ರಜೆ ಸಿಗುತ್ತಿತ್ತು. ನೇಪಾಳದಲ್ಲಿ ವೈಶಾಖದ ಅಮಾವಾಸ್ಯೆಯಂದು ತಾಯಿ ಇರುವವರು ಅವಳಿಗೆ ಸಿಹಿ ಕೊಟ್ಟರೆ, ತಾಯಿಯನ್ನು ಕಳೆದುಕೊಂಡವರು ಕಠ್ಮಂಡು ಹತ್ತಿರದ ಮಾತಾತೀರ್ಥ ಕೊಳದಲ್ಲಿ ಮಿಂದು ಅವಳನ್ನು ನೆನೆಯುತ್ತಾರೆ.

ಸತ್ತ ತಾಯಿಗೂ ಒಂದು ದಿನ ಇಡುವ ಪದ್ಧತಿ ನಮ್ಮಲ್ಲೂ ಇದೆ. ಮಹಾಲಯ ಪಕ್ಷದ ನವಮಿ ತಾಯಂದಿರಿಗೆ ಮೀಸಲು. ಗಡಿಯಾಚೆ ಮರಾಠಿ ಸೀಮೆಯಲ್ಲಿ ಶ್ರಾವಣದ ಪಿಠೋರಿ ಅಮಾವಾಸ್ಯೆಯನ್ನೇ ಮಾತೃದಿನ ಎನ್ನುತ್ತಾರೆ. ಅದೇ ದಿನ ಪೋಳ, ಎತ್ತುಗಳ ಹಬ್ಬ. ಮನೆಗೆ ದುಡಿದ ಜೀವಗಳಿಗೆ ಒಂದೇ ದಿನ ಗೌರವ. ಸೀಗಿ ಹುಣ್ಣಿಮೆಗೆ ಮುಂಚೆ ನಮ್ಮ ಬೀದರ್, ಕಲಬುರಗಿಯ ಊರುಗಳಿಂದ ಸಾವಿರಾರು ಜನ ತುಳಜಾಪುರದ ಅಂಬಾಭವಾನಿಯ ದರ್ಶನಕ್ಕೆ ನಡೆದು ಹೋಗುತ್ತಾರೆ. ದಾರಿಯಲ್ಲಿ ಊರಿನವರು ಅವರಿಗೆ ಅನ್ನ ನೀರು ಕೊಡುತ್ತಾರೆ. ದೇವಿಯನ್ನು ಆಯಿ ಎಂದು ಕೂಗುತ್ತ ಬರಿಗಾಲಲ್ಲಿ ನಡೆಯುವ ಈ ಜನರ ಭಕ್ತಿ ದೊಡ್ಡದು. ಮನೆಯಲ್ಲಿರುವ ಆಯಿಗೂ ಆ ಭಕ್ತಿಯ ಒಂದು ಭಾಗ ಸಲ್ಲಬೇಕು.

ತಾಯಿಗೆ ಗುಡಿ ಕಟ್ಟಿದವರೂ ನಮ್ಮಲ್ಲಿದ್ದಾರೆ. ಮೊದಲು ಹೇಳಿದ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇಟಗಿಯಲ್ಲಿ ಮಹಾದೇವ ದೇವಾಲಯ ಕಟ್ಟಿಸಿದ. ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಕರೆಯಿತು. ಆ ಆವರಣದಲ್ಲಿ ತಂದೆಯ ನೆನಪಿಗೆ ಮೂರ್ತಿನಾರಾಯಣ ಗುಡಿ ಇರುವಂತೆ ತಾಯಿಯ ನೆನಪಿಗೆ ಚಂದ್ರಲೇಶ್ವರಿ ಗುಡಿಯನ್ನೂ ಅವನು ಕಟ್ಟಿಸಿದ. ತಾಯಿಗೆ ಗುಡಿ ಕಟ್ಟಿಸುವ ದಂಡನಾಯಕ, ತಾಯಿಗೆ ಪಾಲು ಬರೆಯುವ ಪಂಡಿತ, ಹೆಚ್ಚು ಕಡಿಮೆ ಒಂದೇ ಹೊತ್ತಿನಲ್ಲಿ ಒಬ್ಬನೇ ಅರಸನ ಆಶ್ರಯದಲ್ಲಿದ್ದರು. ಗುಡಿ ಕಟ್ಟಿಸುವ ಶಕ್ತಿ ಎಲ್ಲರಿಗೂ ಇಲ್ಲ. ಪಾಲು ಕೊಡುವುದು ಎಲ್ಲರ ಕೈಯಲ್ಲೂ ಇದೆ.

ಪಾಲಿನ ವಿಷಯದಲ್ಲಿ ಇಸ್ಲಾಂ ಕೂಡ ತಾಯಿಯನ್ನು ಬಿಟ್ಟಿಲ್ಲ. ನನ್ನ ಒಳ್ಳೆಯ ನಡೆಗೆ ಎಲ್ಲರಿಗಿಂತ ಹೆಚ್ಚು ಅರ್ಹರು ಯಾರು ಎಂದು ಒಬ್ಬ ಕೇಳಿದಾಗ ಪೈಗಂಬರರು ಮೂರು ಸಲ ತಾಯಿಯ ಹೆಸರನ್ನೇ ಹೇಳಿ, ನಾಲ್ಕನೆಯ ಸಲ ತಂದೆಯನ್ನು ಹೇಳಿದರೆಂದು ಹದೀಸ್ ತಿಳಿಸುತ್ತದೆ. ಅದು ಮಾತಿನ ಗೌರವವಾಗಿ ನಿಲ್ಲಲಿಲ್ಲ. ಸತ್ತ ಮಗನ ಅಥವಾ ಮಗಳ ಆಸ್ತಿಯಲ್ಲಿ, ಅವರಿಗೆ ಮಕ್ಕಳಿದ್ದರೆ ತಾಯಿಗೆ ಆರರಲ್ಲಿ ಒಂದು ಭಾಗ, ಇಲ್ಲದಿದ್ದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಭಾಗ ಎಂದು ಕುರಾನೇ ಲೆಕ್ಕ ಕಟ್ಟಿಕೊಟ್ಟಿದೆ. ಬಸವಕಲ್ಯಾಣದಂಥ ಊರಿನಲ್ಲಿ ಎರಡೂ ಪರಂಪರೆಗಳ ಜನ ಗೋಡೆಗೆ ಗೋಡೆ ಹಚ್ಚಿ ಬದುಕುತ್ತಿದ್ದಾರೆ. ತಾಯಿಗೆ ಪಾಲುಂಟು ಎಂಬಲ್ಲಿ ಎರಡೂ ಒಂದಾಗುತ್ತವೆ.

ಸ್ವತಂತ್ರ ಭಾರತದ ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಜೂನ್ 17ರಂದು ಜಾರಿಗೆ ಬಂತು.  ಆ ಕಾಯ್ದೆಯಲ್ಲಿ ಉಯಿಲು ಬರೆಯದೆ ಸತ್ತ ಗಂಡಸಿನ ಮೊದಲ ವರ್ಗದ ವಾರಸುದಾರರಲ್ಲಿ ಮುಖ್ಯರೆಂದರೆ ಮಗ, ಮಗಳು, ಹೆಂಡತಿ, ತಾಯಿ. ತಂದೆ ಇರುವುದು ಎರಡನೆಯ ವರ್ಗದಲ್ಲಿ. ವಿಜ್ಞಾನೇಶ್ವರ ತಂದೆಗಿಂತ ಮುಂದೆ ನಿಲ್ಲಿಸಿದ ತಾಯಿಯನ್ನು ಹೊಸ ಕಾನೂನು ಮಕ್ಕಳ ಸಾಲಿಗೇ ತಂದು ಕೂರಿಸಿತು. ಒಬ್ಬ ತನ್ನ ದುಡಿಮೆಯಿಂದ ಕೊಂಡ 4 ಎಕರೆ ಬಿಟ್ಟು ತೀರಿಕೊಂಡ ಎನ್ನೋಣ. ಹೆಂಡತಿ, ಒಬ್ಬ ಮಗ, ಒಬ್ಬ ಮಗಳು, ತಾಯಿ ಇದ್ದಾರೆ. ನಾಲ್ವರಿಗೂ ತಲಾ 1 ಎಕರೆ. ತಾಯಿಗೆ ವಯಸ್ಸಾಗಿದೆ ಎಂದೋ, ಅವಳಿಗೆ ಇನ್ನೊಬ್ಬ ಮಗನಿದ್ದಾನೆ ಎಂದೋ ಈ ಲೆಕ್ಕ ಬದಲಾಗುವುದಿಲ್ಲ.

ಪಾಲಕತ್ವದ ವಿಷಯದಲ್ಲಿ ಮಾತ್ರ 1956ರ ಇನ್ನೊಂದು ಕಾಯ್ದೆ ತಂದೆಯನ್ನು ಮೊದಲಿಟ್ಟು, ಅವನ ನಂತರ ತಾಯಿ ಎಂದಿತು. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಪಾಲಕಿಯಾಗಿ ಸಹಿ ಹಾಕುವ ಹಕ್ಕಿಗಾಗಿ ಸುಪ್ರೀಂ ಕೋರ್ಟಿಗೆ ಹೋದರು. 1999ರಲ್ಲಿ ನ್ಯಾಯಾಲಯ, ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊರದಿದ್ದಾಗ ತಾಯಿಯೇ ಸಹಜ ಪಾಲಕಿ ಎಂದು ಹೇಳಿತು. ಹೆಸರಿನ ವಿಷಯದಲ್ಲಿ ನೆರೆಯ ಮಹಾರಾಷ್ಟ್ರ ಒಂದು ಹೆಜ್ಜೆ ಇಟ್ಟಿದೆ. ಅಲ್ಲಿ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಿನ ಜೊತೆ ಮೊದಲು ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು ಬರಬೇಕು. ನಾವೂ ಈ ದಾರಿ ಹಿಡಿಯಬೇಕು.

ಕಾನೂನು ಇಷ್ಟು ಮುಂದೆ ಬಂದಿದ್ದರೂ ಊರಿನ ಕಾಗದ ಪತ್ರಗಳಲ್ಲಿ ಅವ್ವ ಕಾಣುವುದಿಲ್ಲ. ಮಗ ಅಪಘಾತದಲ್ಲೋ, ಸಾಲದ ಹೊರೆಯಲ್ಲೋ ಹೋಗಿಬಿಟ್ಟಾಗ ವಂಶವೃಕ್ಷದಲ್ಲಿ ಹೆಂಡತಿ ಮಕ್ಕಳ ಹೆಸರು ಬರೆಸುತ್ತಾರೆ, ಹೆತ್ತವಳ ಹೆಸರು ಬಿಟ್ಟುಹೋಗುತ್ತದೆ. ಸೊಸೆಗೂ ಅತ್ತೆಗೂ ಜಗಳ ಹಚ್ಚಬೇಕೆಂದು ನಾನು ಇದನ್ನು ಹೇಳುತ್ತಿಲ್ಲ. ಆ ಸೊಸೆಯೂ ತಾಯಿಯೇ, ಅವಳ ಪಾಲೂ ಅಷ್ಟೇ ಪವಿತ್ರ. ಇಬ್ಬರ ಹೆಸರೂ ಇರಬೇಕು. ಗಂಡ ಸತ್ತಾಗ ಹೆಂಡತಿಗೆ ಸೇರಬೇಕಾದ ಪಾಲನ್ನು ಗಂಡುಮಕ್ಕಳು ತಮ್ಮ ಹೆಸರಿಗೆ ಮಾಡಿಸಿಕೊಂಡು, ಅವ್ವನ ಹೆಬ್ಬೆಟ್ಟನ್ನು ಹಕ್ಕು ಬಿಡುಗಡೆ ಪತ್ರಕ್ಕೆ ಒತ್ತಿಸಿಕೊಳ್ಳುವುದೂ ನಡೆಯುತ್ತದೆ. ಅವಳು ಮಾತಾಡುವುದಿಲ್ಲ. ಮಕ್ಕಳಲ್ಲವೇ ಎಂದು ಸುಮ್ಮನಾಗುತ್ತಾಳೆ.

ಪಾಲು ಕೈತಪ್ಪಿದ ಮೇಲೆ ಅವ್ವನಿಗೆ ಉಳಿಯುವುದು ಪಾಳಿ. ಒಂದು ತಿಂಗಳು ದೊಡ್ಡವನ ಮನೆ, ಒಂದು ತಿಂಗಳು ಸಣ್ಣವನ ಮನೆ. ಟ್ರಂಕು ಹೊತ್ತು ಒಂದು ಹೊಸ್ತಿಲಿನಿಂದ ಇನ್ನೊಂದು ಹೊಸ್ತಿಲಿಗೆ. ಒಂದು ಕಾಲಕ್ಕೆ ಇಡೀ ಮನೆಗೆ ಬಡಿಸಿದವಳು ತನ್ನ ತಾಟಿಗಾಗಿ ಕಾಯುತ್ತಾಳೆ. ತನ್ನ ಹೆಸರಿನಲ್ಲಿ ಒಂದು ಎಕರೆ ಇದ್ದಿದ್ದರೆ ಅವಳು ಯಾರ ಮನೆಗೂ ಪಾಳಿಯ ಮೇಲೆ ಹೋಗಬೇಕಾಗಿರಲಿಲ್ಲ. ಆಸ್ತಿ ಇರುವ ತಾಯಿಯ ಮಾತಿಗೆ ಮನೆಯಲ್ಲಿ ತೂಕವಿರುತ್ತದೆ. ಇದನ್ನು ಕಲ್ಯಾಣದ ಪಂಡಿತ ಒಂಬೈನೂರು ವರ್ಷಗಳ ಹಿಂದೆಯೇ ಅರಿತಿದ್ದ.

ಕೈಬಿಟ್ಟ ಮಕ್ಕಳಿಂದ ಜೀವನಾಂಶ ಪಡೆಯಲು 2007ರ ಕಾಯ್ದೆಯೊಂದಿದೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಬಂದ ಈ ಕಾನೂನಿನಡಿ ಉಪವಿಭಾಗದ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ವಕೀಲರು ಬೇಕೆಂದಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸುವ ಅಧಿಕಾರ ಮಂಡಳಿಗಿದೆ. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ದಾನಪತ್ರವನ್ನೇ ರದ್ದು ಮಾಡಬಹುದು. ನಮ್ಮ ಉಪವಿಭಾಗಾಧಿಕಾರಿಯ ಕಚೇರಿ ಇರುವುದು ಬಸವಕಲ್ಯಾಣದಲ್ಲೇ. ಅಲ್ಲಿಗೆ ಹೋಗಬೇಕಾದ ಸ್ಥಿತಿ ಯಾವ ತಾಯಿಗೂ ಬರಬಾರದು. ಬಂದರೆ ಜೊತೆಗೆ ಹೋಗಿ ಅರ್ಜಿ ಬರೆದುಕೊಡಲು ಊರಿನ ನಾಲ್ಕು ಮಂದಿ ಸಿದ್ಧರಿರಬೇಕು.

ನಿರ್ಣಾ, ಹುಮನಾಬಾದ, ಬಸವಕಲ್ಯಾಣದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮೇ ಭಾನುವಾರದಂದು ಅವ್ವನಿಗೆ ಫೋನ್ ಮಾಡಿ, ಹೂ ಕೊಡಿ, ಸೀರೆ ಕೊಡಿ, ಬೇಡವೆನ್ನುವುದಿಲ್ಲ. ಮರುದಿನ ಸೋಮವಾರ ನಾಡಕಚೇರಿ ತೆರೆದಿರುತ್ತದೆ. ನಿಮ್ಮ ಹೊಲದ ಪಹಣಿ ತೆಗೆಸಿ ನೋಡಿ. ತಂದೆ ಹೋದ ಮೇಲೆ, ಅಣ್ಣನೋ ತಮ್ಮನೋ ಹೋದ ಮೇಲೆ ಅವ್ವನ ಹೆಸರು ಅಲ್ಲಿ ಬಂದಿದೆಯೇ? ಬರದಿದ್ದರೆ ವಂಶವೃಕ್ಷದಲ್ಲಿ ಅವಳ ಹೆಸರು ಸೇರಿಸಿ, ಪೌತಿ ಖಾತೆಗೆ ಅರ್ಜಿ ಕೊಡಿ. ಮನೆಯಲ್ಲಿ ಬಸುರಿ ಬಾಣಂತಿ ಇದ್ದರೆ ಎರಡನೆಯ ಹೆರಿಗೆಗೂ ಮೊದಲಿನಷ್ಟೇ ಆರೈಕೆ ಮಾಡಿ, ಹುಟ್ಟಿದ್ದು ಹೆಣ್ಣಾದರೂ ಅಷ್ಟೇ ತುಪ್ಪ ಬಡಿಸಿ. ತಾಯಿಗೆ ಕೊಡುವ ಗೌರವ ಊಟದಲ್ಲಿ, ವಿಶ್ರಾಂತಿಯಲ್ಲಿ, ಹೆಸರಿನಲ್ಲಿ, ಪಾಲಿನಲ್ಲಿ ಕಾಣಬೇಕು. ಕಲ್ಯಾಣ ಇದನ್ನು ಇಡೀ ದೇಶಕ್ಕೆ ಹೇಳಿಕೊಟ್ಟಿತು. ಕಲ್ಯಾಣದ ಮಕ್ಕಳಾದ ನಾವು ಅದನ್ನು ಮೊದಲು ಮಾಡಿ ತೋರಿಸಬೇಕು.